ಲಿಕ್ ಮ್ಯಾಟ್ ಕೊಳ್ಳುವ ಮುನ್ನ ನಾಯಿಯ ಬಾಯಿ ನೋಡಿ

ಒಂದು ಚೌಕಾಕಾರದ ರಬ್ಬರ್ ಹಾಳೆ. ಮೇಲೆಲ್ಲ ಮೊಳಕೆಯಂಥ ಉಬ್ಬುಗಳು, ನಡುನಡುವೆ ಗುಳಿ. ಆ ಗುಳಿಗಳಿಗೆ ಮೊಸರನ್ನೋ ಬೇಯಿಸಿದ ಸಿಹಿಗುಂಬಳವನ್ನೋ ಚಮಚದ ಬೆನ್ನಿನಿಂದ ಒತ್ತಿ ಸವರಿ ನೆಲಕ್ಕಿಟ್ಟರೆ, ಬಟ್ಟಲಿನ ಊಟವನ್ನು ಒಂದು ನಿಮಿಷದಲ್ಲಿ ಖಾಲಿ ಮಾಡುವ ನಾಯಿ ಹತ್ತು ನಿಮಿಷ ತಲೆಯೆತ್ತದೆ ನೆಕ್ಕುತ್ತದೆ. ಲಿಕ್ ಮ್ಯಾಟ್ ಮಾಡುವ ಕೆಲಸ ಇಷ್ಟೇ. ಆದರೆ ಮೂಸುವುದು, ಅಗಿಯುವುದು, ನೆಕ್ಕುವುದು ಮೂರೂ ನಾಯಿಯ ಹುಟ್ಟುಗುಣ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮಾತ್ರ ಫ್ಲ್ಯಾಟಿನಿಂದ ಹೊರಗೆ ಹೋಗುವ ನಾಯಿಗೆ ಆ ಮೂರಕ್ಕೂ ಅವಕಾಶ ಕಡಿಮೆ. ಹಾಗಾಗಿ ಇಷ್ಟು ಸಣ್ಣ ವಸ್ತುವೂ ಅದರ ದಿನವನ್ನು ಎಷ್ಟೋ ಹಗುರ ಮಾಡುತ್ತದೆ.

ಪೊಟ್ಟಣದ ಮೇಲೆ ಇನ್ನೂ ಏನೇನೋ ಬರೆದಿರುತ್ತದೆ. ಹಲ್ಲು ಸ್ವಚ್ಛವಾಗುತ್ತದೆ, ನಾಲಿಗೆ ಶುದ್ಧವಾಗುತ್ತದೆ, ಆತಂಕ ಮಾಯವಾಗುತ್ತದೆ ಎಂದೆಲ್ಲ. ಹಲ್ಲಿನ ಮಾತನ್ನು ನಂಬಬೇಡಿ. ಮೆತ್ತಗಿನ ಉಬ್ಬುಗಳು ತಾಗುವುದು ನಾಲಿಗೆಗೆ. ಪಾಚಿ ಕಟ್ಟುವುದು ಹಲ್ಲಿನ ಬುಡದಲ್ಲಿ, ಅದೂ ಕೆನ್ನೆಯ ಕಡೆಯ ಹಿಂದಿನ ಹಲ್ಲುಗಳಲ್ಲಿ. ಅಲ್ಲಿಗೆ ಬ್ರಷ್ಷೇ ಬೇಕು. ಸಮಾಧಾನದ ಮಾತಿನಲ್ಲಿ ಮಾತ್ರ ಹುರುಳಿದೆ. ಒಂದೇ ಲಯದಲ್ಲಿ ನೆಕ್ಕುತ್ತಿರುವ ನಾಯಿಯ ಮೈ ಸಡಿಲವಾಗುವುದನ್ನು ಪಕ್ಕದಲ್ಲಿ ಕೂತವರು ಕಣ್ಣಾರೆ ಕಾಣಬಹುದು. ಮೊದಲು ಬಾಲ ಇಳಿಯುತ್ತದೆ, ಆಮೇಲೆ ಹಿಂಗಾಲು ಒಂದು ಪಕ್ಕಕ್ಕೆ ವಾಲುತ್ತದೆ, ಕೊನೆಗೆ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಅಂಗಡಿಗೆ ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ಮೂಳೆಯ ಆಕಾರವೋ ಪಂಜದ ಆಕಾರವೋ ಎಂದು ಯೋಚಿಸುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ನಾಯಿ ನಾಲಿಗೆಯಿಂದ ತಿನ್ನುತ್ತದೋ, ಹಲ್ಲಿನಿಂದ ತಿನ್ನುತ್ತದೋ? ಮ್ಯಾಟಿನ ವಸ್ತು, ವಿನ್ಯಾಸ, ತಳ, ಕೊಡುವ ರೀತಿ ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿವೆ.

ತಿಳಿಯದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ದಪ್ಪನೆಯ ಹಳೇ ಟವೆಲನ್ನು ನೀರಲ್ಲಿ ಹಿಂಡಿ, ನಾಲ್ಕು ಮಡಿಕೆ ಮಾಡಿ, ನಡುವೆ ಒಂದು ಚಮಚ ಮೊಸರು ಸವರಿ. ಎರಡು ತುದಿಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ನಾಯಿಯ ಮುಂದಿಡಿ. ಮೊಸರು ಇರುವಾಗ ಎಲ್ಲ ನಾಯಿಗಳೂ ನೆಕ್ಕುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಮೊಸರು ಮುಗಿದ ಮೇಲಿನ ಅರ್ಧ ನಿಮಿಷವನ್ನು ಗಮನಿಸಿ. ಎರಡು ಸಲ ಮೂಸಿ ಎದ್ದುಹೋದರೆ ನೆಕ್ಕುವ ನಾಯಿ. ಬಟ್ಟೆಯ ಅಂಚನ್ನು ಮುಂಬಲ್ಲಿನಿಂದ ಮೆಲ್ಲಗೆ ಕಡಿಯತೊಡಗಿದರೆ, ಅಥವಾ ಮುಂಗಾಲಿನಿಂದ ಒತ್ತಿಹಿಡಿದು ಎಳೆದರೆ ಅದು ಕಚ್ಚುವ ನಾಯಿ. ಲ್ಯಾಬ್ರಡಾರುಗಳಲ್ಲಿ ಕಚ್ಚುವವು ಹೆಚ್ಚು. ಮೂರೂವರೆ ತಿಂಗಳಿನಿಂದ ಏಳು ತಿಂಗಳವರೆಗೆ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲದಲ್ಲಿ, ಯಾವ ತಳಿಯ ಮರಿಯಾದರೂ ಕಚ್ಚುವ ನಾಯಿಯೇ. ಆ ವಯಸ್ಸಿನಲ್ಲಿ ಮ್ಯಾಟನ್ನು ನೀವೇ ಕೈಯಲ್ಲಿ ಹಿಡಿದು ಕೊಡಿ, ನೆಲಕ್ಕೆ ಬಿಡಬೇಡಿ.

ಸಿಲಿಕೋನ್, ರಬ್ಬರ್, ಗಟ್ಟಿ ತಳ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಸಿಲಿಕೋನ್ ಮ್ಯಾಟ್. ಮೆತ್ತಗಿರುತ್ತದೆ, ಫ್ರೀಜರಿನಲ್ಲಿಟ್ಟರೂ ಬಿರುಸಾಗುವುದಿಲ್ಲ, ಕುದಿಯುವ ನೀರು ಹೊಯ್ದರೂ ಏನೂ ಆಗುವುದಿಲ್ಲ. ಇದರ ದೌರ್ಬಲ್ಯ ಒಂದೇ, ಆದರೆ ದೊಡ್ಡದು. ಎಳೆದರೆ ಹಿಗ್ಗುವ ಸಿಲಿಕೋನ್, ಒಂದು ಕಡೆ ಹಲ್ಲು ನಾಟಿದರೆ ಆ ಗಾಯದಿಂದ ಸರಾಗವಾಗಿ ಹರಿಯುತ್ತ ಹೋಗುತ್ತದೆ. ಅಂಚಿನಲ್ಲಿ ಒಂದು ಸಣ್ಣ ಸೀಳು ಬಿದ್ದ ಮ್ಯಾಟಿನಿಂದ ಬೆರಳಗಲದ ತುಂಡು ಹೊರಬರಲು ಎರಡು ನಿಮಿಷವೂ ಬೇಡ.

ಕೊಳ್ಳುವಾಗ ಮೂಲೆಯನ್ನು ಬಿಗಿಯಾಗಿ ಮಡಿಚಿ ಹಿಂಡಿ ನೋಡಿ. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿದರೆ ಸಿಲಿಕೋನಿಗೆ ಬೇರೆ ಪುಡಿ ಬೆರೆಸಿರುವ ಸಂಭವ ಹೆಚ್ಚು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಗಾಢ ಬಣ್ಣದ ಮ್ಯಾಟಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಆದರೂ ಕೈಯಲ್ಲೇ ಮಾಡಬಹುದಾದ ಒಳ್ಳೆಯ ಜರಡಿ. ಪೊಟ್ಟಣ ಬಿಚ್ಚಿದೊಡನೆ ಹೊಸ ಚಪ್ಪಲಿಯ ವಾಸನೆ ಹೊಡೆದರೆ, ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟ ಮೇಲೂ ಆ ವಾಸನೆ ಹೋಗದಿದ್ದರೆ, ವಾಪಸು ಮಾಡಿ. ನಾಯಿಯ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಚುರುಕು. ನಮಗೇ ಸಹಿಸಲಾಗದ ವಾಸನೆಯ ಮೇಲೆ ಅದಕ್ಕೆ ಊಟ ಬಡಿಸುವುದು ಸರಿಯಲ್ಲ. ‘ಬಿಪಿಎ ಇಲ್ಲ’ ಎಂಬ ಮುದ್ರೆಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಬಿಪಿಎ ಎಂಬ ರಾಸಾಯನಿಕ ಬರುವುದು ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳಲ್ಲಿ, ಸಿಲಿಕೋನಿಗೂ ಅದಕ್ಕೂ ಸಂಬಂಧವಿಲ್ಲ.

ಬಣ್ಣದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ತಿಳಿ ಬಣ್ಣದ್ದನ್ನೇ ಆರಿಸಿ. ಹಲ್ಲಿನ ಗುರುತು, ಗುಳಿಯ ಮೂಲೆಯಲ್ಲಿ ಕೂತ ಕಪ್ಪು ಬೂಷ್ಟು, ಒಣಗಿ ಅಂಟಿದ ಹಿಟ್ಟು ಎಲ್ಲವೂ ತಿಳಿ ಬಣ್ಣದಲ್ಲಿ ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ. ಕಡುನೀಲಿ, ಕಂದು, ಬೂದು ಬಣ್ಣದ ಮ್ಯಾಟುಗಳು ಎಲ್ಲವನ್ನೂ ಮುಚ್ಚಿಡುತ್ತವೆ.

ಎರಡನೆಯದು ಟಿಪಿಆರ್ ಎಂಬ ಮೆತುರಬ್ಬರ್. ಆಸ್ಟ್ರೇಲಿಯಾದ ಲಿಕಿಮ್ಯಾಟ್ ಕಂಪನಿಯ ಮ್ಯಾಟುಗಳು ಈ ಬಗೆಯವು. ಸಿಲಿಕೋನಿಗಿಂತ ತುಸು ಬಿರುಸು, ಹರಿಯುವುದು ನಿಧಾನ. ಬಿಸಿಲಿಗೆ ಮಾತ್ರ ಆಗಿಬರುವುದಿಲ್ಲ, ತಿಂಗಳುಗಟ್ಟಲೆ ಬಿಸಿಲಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ. ಇದೇ ಕಂಪನಿಯ ‘ಟಫ್’ ಮಾದರಿಗಳಲ್ಲಿ ಈ ರಬ್ಬರನ್ನು ಗಟ್ಟಿ ಪ್ಲಾಸ್ಟಿಕ್ ತಳಕ್ಕೆ ಬೆಸೆದಿರುತ್ತಾರೆ. ಮಡಿಸಲು ಬಾರದು, ಬಾಯಲ್ಲಿ ಎತ್ತಿಕೊಂಡರೂ ಹಲ್ಲಿಗೆ ಮೆತ್ತನೆಯ ಅಂಚು ಸಿಗದು. ಅರೆಬರೆ ಕಚ್ಚುವ ನಾಯಿಗೆ, ಅಂದರೆ ಊಟ ಮುಗಿದ ಮೇಲಷ್ಟೇ ಅಂಚು ಹುಡುಕುವ ನಾಯಿಗೆ, ದುಡ್ಡು ಹೆಚ್ಚಾದರೂ ಇದೇ ಸರಿ. ಸಾಧಾರಣ ಸಿಲಿಕೋನ್ ಮ್ಯಾಟು 200ರಿಂದ 400 ರೂಪಾಯಿಗೆ ಸಿಗುವಾಗ ಆಮದಾಗಿ ಬಂದದ್ದಕ್ಕೆ ಅದರ ಎರಡು ಮೂರು ಪಟ್ಟು ತೆರಬೇಕಾಗುತ್ತದೆ. ಹಾಗೆಂದು ಟಫ್ ಎಂಬ ಹೆಸರನ್ನು ನೋಡಿ ಮೋಸಹೋಗಬೇಡಿ. ಅದೂ ಅಗಿಯುವ ಆಟಿಕೆಯಲ್ಲ. ಮನಸ್ಸಿಟ್ಟು ಕಡಿದರೆ ಮೇಲಿನ ಉಬ್ಬುಗಳು ಒಂದೊಂದಾಗಿ ಕಿತ್ತುಬರುತ್ತವೆ.

ಹಲ್ಲನ್ನೇ ನಂಬಿದ ನಾಯಿಗೆ ಮ್ಯಾಟೇ ಬೇಡ. ಅಂಥ ಮನೆಯಲ್ಲಿ ಹಳೇ ಸ್ಟೀಲ್ ಇಡ್ಲಿ ತಟ್ಟೆ ಈ ಎಲ್ಲ ಮ್ಯಾಟುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ಗುಳಿ, ಪ್ರತಿ ಗುಳಿಗೆ ಒಂದೊಂದು ಚಮಚ ಗಟ್ಟಿ ಮೊಸರು ಅಥವಾ ರಾಗಿ ಅಂಬಲಿ. ಸ್ಟ್ಯಾಂಡಿನಿಂದ ಬಿಡಿಸಿದ ಬಿಡಿ ತಟ್ಟೆಯೇ ಸಾಕು. ತೂತುಗಳ ಅಂಚು ಚೂಪಾಗಿದೆಯೇ ಎಂದು ಮೊದಲು ಬೆರಳಾಡಿಸಿ ನೋಡಿ. ಫ್ರೀಜರಿನಿಂದ ತೆಗೆದೊಡನೆ ಕೊಡಬೇಡಿ, ಒದ್ದೆ ನಾಲಿಗೆ ಕೊರೆಯುವ ಲೋಹಕ್ಕೆ ಅಂಟುತ್ತದೆ. ಹತ್ತು ನಿಮಿಷ ಹೊರಗಿಟ್ಟು, ಲೋಹದ ಮೇಲೆ ನೀರಿನ ಹನಿ ಕೂತ ಮೇಲೆ ಕೊಡಿ. ನೆಲದ ಮೇಲೆ ತಟ್ಟೆ ಸದ್ದು ಮಾಡಿದರೆ ಕೆಲವು ನಾಯಿಗಳು ಬೆದರುತ್ತವೆ, ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಸದ್ದೂ ಇಲ್ಲ, ಜಾರುವುದೂ ಇಲ್ಲ.

ಉಬ್ಬು, ಗುಳಿ, ಮೂತಿ

ವಿನ್ಯಾಸ ಅಲಂಕಾರಕ್ಕಲ್ಲ. ಗೋಲಿಯಂಥ ಸಣ್ಣ ಉಬ್ಬುಗಳಿರುವ ಮ್ಯಾಟು ಮೊಸರು, ಅಂಬಲಿ, ರುಬ್ಬಿದ ಕೋಳಿಯಂಥ ನುಣುಪು ಪದಾರ್ಥಕ್ಕೆ. ಲಿಕಿಮ್ಯಾಟಿನ ‘ಸೂದರ್’ ಈ ಜಾತಿಯದು. ಅಡ್ಡಗೋಡೆ, ಚೌಕಗಳಿರುವ ಮ್ಯಾಟು ತರಿತರಿಯಾದದ್ದಕ್ಕೆ, ಅಂದರೆ ನೆನೆಸಿದ ಕಿಬಲ್ (ನಾಯಿಯ ಒಣ ಕಾಳಿನ ಆಹಾರ), ಕಿವುಚಿದ ಗೆಣಸು, ಹಿಸುಕಿದ ಮೊಟ್ಟೆಗೆ. ಅದೇ ಕಂಪನಿಯ ‘ಬಡ್ಡಿ’ ಮತ್ತು ‘ಪ್ಲೇಡೇಟ್’ ಈ ಸಾಲಿಗೆ ಸೇರುತ್ತವೆ. ಒಂದೇ ಮ್ಯಾಟಿನಲ್ಲಿ ನಾಲ್ಕು ಭಾಗ, ನಾಲ್ಕು ವಿನ್ಯಾಸ ಎಂದು ಮಾರುವವು ನೋಡಲು ಚೆಂದ. ಆದರೆ ಅವುಗಳಲ್ಲಿ ಒಂದು ಭಾಗ ಎಷ್ಟೋ ಸಲ ತೀರಾ ಆಳವಾಗಿ, ಕಿರಿದಾಗಿ ಇರುತ್ತದೆ. ನಾಲಿಗೆ ಅಲ್ಲಿಗೆ ಇಳಿಯುವುದಿಲ್ಲ, ಬ್ರಷ್ಷೂ ಇಳಿಯುವುದಿಲ್ಲ.

ಕೊಳ್ಳುವಾಗ ಕಿರುಬೆರಳನ್ನು ಗುಳಿಯೊಳಗೆ ಇಳಿಸಿ. ತುದಿ ತಳಕ್ಕೆ ತಾಗಿದರೆ ನಾಲಿಗೆಯೂ ತಾಗುತ್ತದೆ, ತೊಳೆಯಲೂ ಬರುತ್ತದೆ. ಪಗ್, ಶಿಟ್ಜು, ಫ್ರೆಂಚ್ ಬುಲ್‌ಡಾಗಿನಂಥ ಚಪ್ಪಟೆ ಮೂತಿಯವಕ್ಕೆ ಆಳ 3–4 ಮಿಲಿಮೀಟರ್ ಮೀರಬಾರದು. ಮೀರಿದರೆ ಅವು ಮೂಗನ್ನೇ ಮ್ಯಾಟಿಗೆ ಒತ್ತಿಕೊಂಡು ಉಸಿರು ಕಟ್ಟಿಸಿಕೊಳ್ಳುತ್ತವೆ. ಮುಧೋಳದಂಥ ಉದ್ದ ಮೂತಿಗೂ ಇಂಡಿ ಎಂದು ಕರೆಯುವ ನಾಡನಾಯಿಗಳಿಗೂ ಈ ತೊಂದರೆಯಿಲ್ಲ, 6–8 ಮಿಲಿಮೀಟರ್ ಆಳವಾದರೂ ನಡೆಯುತ್ತದೆ.

ಅಗಲ 20 ಸೆಂಟಿಮೀಟರಿನ ಚೌಕ ಹೆಚ್ಚಿನ ನಾಯಿಗಳಿಗೆ ಸಾಕು. ದೊಡ್ಡದು ತಂದರೆ ತೊಂದರೆ ನಿಮ್ಮ ಫ್ರಿಜ್ಜಿಗೆ. ಒಂದೇ ಬಾಗಿಲಿನ ಫ್ರಿಜ್ಜಿನ ಫ್ರೀಜರಿನಲ್ಲಿ, ಐಸ್ ಟ್ರೇ ಪಕ್ಕದಲ್ಲಿ, 28–30 ಸೆಂಟಿಮೀಟರಿನ ಮ್ಯಾಟು ಚಪ್ಪಟೆಯಾಗಿ ಕೂರುವುದಿಲ್ಲ. ಬಾಗಿಸಿ ತುರುಕಿದರೆ ಮೊಸರೆಲ್ಲ ಒಂದು ಮೂಲೆಗೆ ಹರಿದು ಅಲ್ಲೇ ಗಟ್ಟಿಯಾಗುತ್ತದೆ. ಅಂಗಡಿಗೆ ಹೋಗುವ ಮುಂಚೆ ಫ್ರೀಜರಿನ ಒಳಗಲ ಅಳೆದುಕೊಂಡು ಹೋಗಿ.

ಹಿಂಬದಿಯ ಸಕ್ಷನ್ ಕಪ್ಪು

ಗೋಡೆಗೆ ಅಂಟಿಸುವ ಮ್ಯಾಟು ಸ್ನಾನಕ್ಕೂ ಉಗುರು ಕತ್ತರಿಸಲೂ ಬಹಳ ಉಪಯೋಗ. ಆದರೆ ಹಿಂಬದಿಯಲ್ಲಿ ಗೋಡೆಗೆ ಒತ್ತಿದರೆ ಹೀರಿ ಹಿಡಿಯುವ, ಬಟನ್ನಿನಷ್ಟು ಸಣ್ಣ ಸಕ್ಷನ್ ಕಪ್ಪುಗಳು ಹತ್ತಾರು ಇರುವ ಮ್ಯಾಟು ಕಚ್ಚುವ ನಾಯಿಗೆ ಎಲ್ಲಕ್ಕಿಂತ ಅಪಾಯದ್ದು. ಒಂದೊಂದು ಕಪ್ಪಿಗೂ ತೆಳುವಾದ ಕತ್ತು, ಹಲ್ಲಿಗೆ ಸಿಕ್ಕಿದರೆ ದ್ರಾಕ್ಷಿಯ ಹಾಗೆ ಬಿಡಿಸಿಕೊಂಡು ಬರುತ್ತದೆ, ನುಂಗುವುದಕ್ಕೂ ಅದೇ ಗಾತ್ರ. ದೊಡ್ಡ ಕಪ್ಪು ಒಂದೇ ಇರುವ, ಗಟ್ಟಿ ತಳದ ಮಾದರಿಯನ್ನೇ ಹುಡುಕಿ. ಲಿಕಿಮ್ಯಾಟಿನ ‘ಸ್ಪ್ಲ್ಯಾಶ್’ ಗೋಡೆಗೆಂದೇ ಮಾಡಿದ್ದು.

ಅಂಟುತ್ತಿಲ್ಲ ಎಂಬ ದೂರುಗಳಲ್ಲಿ ಮುಕ್ಕಾಲು ಪಾಲು ಗೋಡೆಯದೇ ತಪ್ಪು. ಸಕ್ಷನ್ ಕಪ್ಪು ಹಿಡಿಯುವುದು ಮಿರಿಮಿರಿ ನುಣುಪಾದ ಟೈಲ್ಸ್, ಗಾಜು, ಪಾಲಿಶ್ ಮಾಡಿದ ಗ್ರಾನೈಟಿಗೆ. ಹೊಳಪಿಲ್ಲದ (ಮ್ಯಾಟ್ ಫಿನಿಶ್) ಟೈಲ್ಸ್, ಬಣ್ಣದ ಗೋಡೆ, ರೆಡ್ ಆಕ್ಸೈಡ್ ನೆಲ, ಕಡಪ ಕಲ್ಲು ಯಾವುದಕ್ಕೂ ಹಿಡಿಯುವುದಿಲ್ಲ. ಟೈಲ್ಸಿನ ನಡುವೆ ಅಂಟಿಸಿ. ಎರಡು ಟೈಲ್ಸ್ ಸೇರುವ ಗೆರೆಯ ಮೇಲೆ ಕೂತರೆ ಗಾಳಿ ಒಳನುಗ್ಗಿ ನಿಮಿಷದಲ್ಲಿ ಬೀಳುತ್ತದೆ. ಟೈಲ್ಸನ್ನು ಸೋಪಿನ ಜಿಡ್ಡು ಹೋಗುವಂತೆ ಒರೆಸಿ, ಕಪ್ಪಿಗೆ ಒಂದು ಹನಿ ನೀರು ಸವರಿ, ಅಂಗೈಯಿಂದ ಒತ್ತಿ, ಆಮೇಲೆ ಬೆರಳಿನಿಂದ ಒಮ್ಮೆ ಜಗ್ಗಿ ನೋಡಿ. ಎತ್ತರ ನಾಯಿಯ ಮೂಗಿನ ನೇರಕ್ಕಿರಲಿ. ಕತ್ತು ಮೇಲೆತ್ತಿ ನೆಕ್ಕಬೇಕಾಗಿ ಬಂದರೆ ಎರಡನೇ ದಿನಕ್ಕೇ ಬೇಡವೆನ್ನುತ್ತದೆ.

ಏನು ಸವರಬೇಕು, ಎಷ್ಟು ಸವರಬೇಕು

ಮ್ಯಾಟಿನ ವಿಡಿಯೋಗಳೆಲ್ಲ ಪೀನಟ್ ಬಟರಿನಿಂದ ಶುರುವಾಗುತ್ತವೆ. ನಮ್ಮ ಮನೆಗಳಿಗೆ ಅದು ಬೇಕಾಗಿಯೇ ಇಲ್ಲ. ಒಂದು ದೊಡ್ಡ ಚಮಚ, ಅಂದರೆ 16 ಗ್ರಾಂ ಪೀನಟ್ ಬಟರಿನಲ್ಲಿ ಸುಮಾರು 95 ಕ್ಯಾಲೊರಿ. ಸಂತಾನಹರಣ ಆಪರೇಷನ್ ಆದ, ಸಾಧಾರಣ ಓಡಾಟದ 10 ಕಿಲೋ ನಾಯಿಗೆ ಇಡೀ ದಿನಕ್ಕೆ ಬೇಕಾದದ್ದು 630ರ ಆಸುಪಾಸು. ತಿಂಡಿತೀರ್ಥವೆಲ್ಲ ಸೇರಿ ಅದರ ಹತ್ತರಲ್ಲೊಂದು ಪಾಲು ಮೀರಬಾರದೆಂಬುದು ಪಶುವೈದ್ಯರು ಹೇಳುವ ಲೆಕ್ಕ. ಅಲ್ಲಿಗೆ 63 ಕ್ಯಾಲೊರಿ, ಒಂದೇ ಚಮಚದಲ್ಲಿ ಲೆಕ್ಕ ದಾಟಿಹೋಯಿತು. 5 ಕಿಲೋದ ಸ್ಪಿಟ್ಜಿಗೆ ಈ ಮಿತಿ 37 ಮಾತ್ರ. 30 ಕಿಲೋದ ಲ್ಯಾಬ್ರಡಾರಿಗೆ 140ರ ಸುಮಾರು. ಜಿಡ್ಡು ಹೆಚ್ಚಾದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ. ಅದು ವಾಂತಿ, ಹೊಟ್ಟೆನೋವಿನಿಂದ ಆಸ್ಪತ್ರೆಯವರೆಗೆ ಕೊಂಡೊಯ್ಯುವ ಕಾಯಿಲೆ. ತುಪ್ಪ, ಬೆಣ್ಣೆ, ಚೀಸ್ ಸವರುವವರು ಇದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಒಳ್ಳೆಯದು ನಾಯಿಯ ದಿನದ ಊಟವನ್ನೇ ಮ್ಯಾಟಿಗೆ ಹಾಕುವುದು. ಬೆಳಗಿನ ಪಾಲಿನಿಂದ 40 ಗ್ರಾಂ ಕಿಬಲ್ ತೆಗೆದು, 60 ಮಿಲಿ ಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ, ಹಿಸುಕಿ ಒತ್ತಿ. ಒಂದು ಕ್ಯಾಲೊರಿಯೂ ಹೆಚ್ಚಾಗುವುದಿಲ್ಲ, ಹೊಟ್ಟೆಗೂ ಹೊಸದಲ್ಲ. ರುಚಿಗೆ ಮೇಲೊಂದು ಚಮಚ ಮೊಸರು ಸವರಿದರೆ ಮುಗಿಯಿತು.

ಮೊಸರು ಹುಳಿಯಾಗಿರಬಾರದು, ಉಪ್ಪು ಸಕ್ಕರೆ ಬೆರೆಸಿರಬಾರದು. ಹಾಲಿನಷ್ಟು ಲ್ಯಾಕ್ಟೋಸ್ ಮೊಸರಿನಲ್ಲಿಲ್ಲದ ಕಾರಣ ಬಹಳಷ್ಟು ನಾಯಿಗಳಿಗೆ ಒಗ್ಗುತ್ತದೆ. ಆದರೆ ಮನೆಯ ಮೊಸರು ನೀರುನೀರಾಗಿ ಗುಳಿಯಲ್ಲಿ ನಿಲ್ಲದೆ ಹರಿದುಹೋಗುತ್ತದೆ. ತೆಳು ಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿಹಾಕಿ, ನೀರಿಳಿದ ಮೇಲೆ ಸವರಿ. ಮೂರು ದೊಡ್ಡ ಚಮಚ ಮೊಸರಿಗೆ 30 ಕ್ಯಾಲೊರಿಯ ಸುಮಾರು, ಕಟ್ಟಿದ ಮೊಸರಾದರೆ ಸ್ವಲ್ಪ ಹೆಚ್ಚು. 20 ಸೆಂಟಿಮೀಟರಿನ ಮ್ಯಾಟಿನ ಗುಳಿಗಳೆಲ್ಲ ತುಂಬಲು 6ರಿಂದ 8 ಚಮಚ ಹಿಡಿಸುತ್ತದೆ. ತೆಳುವಾಗಿ ಸವರಲು 2 ಚಮಚ ಸಾಕು.

ರಾಗಿ ಅಂಬಲಿ ಇದಕ್ಕೆಂದೇ ಹುಟ್ಟಿದ ಹಾಗಿದೆ. ಒಂದು ದೊಡ್ಡ ಚಮಚ ಹಿಟ್ಟನ್ನು ಸ್ವಲ್ಪ ತಣ್ಣೀರಲ್ಲಿ ಕದಡಿ, 100 ಮಿಲಿ ಕುದಿಯುವ ನೀರಿಗೆ ಹೊಯ್ದು, ಐದು ನಿಮಿಷ ಕೈಯಾಡಿಸಿ ಇಳಿಸಿ. ಬಿಸಿ ಇರುವಾಗ ತೆಳ್ಳಗಿದ್ದರೂ ಆರಿದ ಮೇಲೆ ಹಲ್ವದ ಹದಕ್ಕೆ ಬಿಗಿಯುತ್ತದೆ. ಪೂರ್ತಿ ಆರುವ ಮುಂಚೆಯೇ, ಬೆರಳಿಗೆ ಉಗುರುಬೆಚ್ಚಗೆ ತಾಗುವಾಗ ಮ್ಯಾಟಿಗೆ ಸುರಿದು ಸಮ ಮಾಡಿದರೆ ಗುಳಿಯ ತಳದವರೆಗೂ ಇಳಿಯುತ್ತದೆ. ಆರಿದ ಮೇಲೆ ಒತ್ತಿದರೆ ಮೇಲ್ಮೈಯಲ್ಲೇ ಮುದ್ದೆಯಾಗಿ ನಿಂತು, ನಾಯಿ ಒಂದೇ ಬಾಯಿಗೆ ಎತ್ತಿ ನುಂಗುತ್ತದೆ. ಉಪ್ಪು, ಬೆಲ್ಲ, ಮಜ್ಜಿಗೆಯ ಒಗ್ಗರಣೆ ಯಾವುದೂ ಬೇಡ.

ಸಿಹಿಗುಂಬಳವನ್ನು ಸಿಪ್ಪೆ ಬೀಜ ತೆಗೆದು ಕುಕ್ಕರಿನಲ್ಲಿ ಬರಿದಾಗಿ ಬೇಯಿಸಿ ಕಿವುಚಿದರೆ ಕ್ಯಾಲೊರಿ ತೀರಾ ಕಡಿಮೆ, ದಪ್ಪಗಾದ ನಾಯಿಗೆ ಇದೇ ಉತ್ತಮ. ಗೆಣಸು, ಬಾಳೆಹಣ್ಣಿನಲ್ಲಿ ಸಿಹಿ ಹೆಚ್ಚು, ಸಣ್ಣ ನಾಯಿಗೆ ಒಂದೆರಡು ಚಮಚಕ್ಕೆ ನಿಲ್ಲಿಸಿ. ಕೋಳಿಯನ್ನು ಮೂಳೆ ತೆಗೆದು, ಉಪ್ಪಿಲ್ಲದೆ ಬೇಯಿಸಿ, ಬೇಯಿಸಿದ ನೀರಿನೊಡನೆ ಮಿಕ್ಸಿಯಲ್ಲಿ ರುಬ್ಬಿ. ಆದರೆ ಆ ಜಾರನ್ನು ಒಮ್ಮೆ ಮೂಸಿ ನೋಡಿ. ಬೆಳಿಗ್ಗೆ ಈರುಳ್ಳಿ ಬೆಳ್ಳುಳ್ಳಿಯ ಮಸಾಲೆ ರುಬ್ಬಿದ ಜಾರಿನ ಬ್ಲೇಡಿನ ಕೆಳಗೆ ಅದರ ಅಂಶ ಉಳಿದಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದು ದಿನದ ಅಂಶದಿಂದ ಏನೂ ಆಗದಿರಬಹುದು, ದಿನಾ ಕೊಡುವ ಮ್ಯಾಟಿಗೆ ಆ ರೂಢಿ ಬೇಡ.

ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡವೆಂದು ಬಹಳ ಜನಕ್ಕೆ ಗೊತ್ತು. ಹುಣಸೆಹಣ್ಣಿನ ವಿಷಯ ಕಡಿಮೆ ಜನಕ್ಕೆ ಗೊತ್ತು. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುವುದಕ್ಕೆ ಅದರೊಳಗಿನ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ಪ್ರಾಣಿವಿಷ ನಿಯಂತ್ರಣ ಕೇಂದ್ರದ ಪಶುವೈದ್ಯರು 2021ರಲ್ಲಿ ಪ್ರಕಟಿಸಿದರು. ಹುಣಸೆಯಲ್ಲೂ ಇರುವುದು ಅದೇ ಆಮ್ಲ, ಧಾರಾಳವಾಗಿ. ಹಾಗಾಗಿ ಉಳಿದ ಸಾರು, ಹುಳಿ ಕಲಸಿದ ಅನ್ನವನ್ನು ಮ್ಯಾಟಿಗೆ ಒತ್ತಲೇಬೇಡಿ. ಪೀನಟ್ ಬಟರನ್ನು ಕೊಟ್ಟೇ ತೀರುತ್ತೇವೆನ್ನುವವರು ಡಬ್ಬಿಯ ಹಿಂದೆ ಕ್ಸೈಲಿಟಾಲ್ ಎಂಬ ಸಿಹಿಕಾರಕದ ಹೆಸರಾಗಲಿ ಅದರ ಸಂಕೇತವಾದ ಐಎನ್‌ಎಸ್ 967 ಎಂದಾಗಲಿ ಇದೆಯೇ ಎಂದು ಓದಿ. ‘ಸಕ್ಕರೆರಹಿತ’ ಎಂದು ಬರೆದ ಡಬ್ಬಿಗಳಲ್ಲಿ ಇನ್ನೂ ಎಚ್ಚರ. ಕ್ಸೈಲಿಟಾಲ್ ಹೊಟ್ಟೆಗೆ ಹೋದರೆ ಅರ್ಧ ಗಂಟೆಯೊಳಗೆ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು. ತೂರಾಡುವಿಕೆ, ವಾಂತಿ, ಫಿಟ್ಸ್ ಕಾಣುವವರೆಗೆ ಕಾಯದೆ ಡಬ್ಬಿಯನ್ನೂ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಓಡಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ನಾಯಿಗಳಿಗೆ ಏನು ಸವರಬೇಕೆಂಬುದನ್ನು ನಿಮ್ಮ ವೈದ್ಯರೇ ಹೇಳಲಿ.

ಮೊದಲ ವಾರ ಫ್ರೀಜರ್ ಬೇಡ

ಹೊಸ ಮ್ಯಾಟನ್ನು ತಂದ ದಿನವೇ ತುಂಬಿಸಿ, ಕಲ್ಲಿನ ಹಾಗೆ ಗಟ್ಟಿ ಮಾಡಿ ಕೊಡುವುದು ಎಲ್ಲರೂ ಮಾಡುವ ತಪ್ಪು. ನಾಯಿ ಮ್ಯಾಟಿಗೆ ಹಲ್ಲು ಹಾಕುವುದು ಎರಡು ಹೊತ್ತಿನಲ್ಲಿ. ಊಟ ಮುಗಿದು ವಾಸನೆ ಮಾತ್ರ ಉಳಿದಾಗ ಒಮ್ಮೆ, ವಾಸನೆ ಬಡಿಯುತ್ತಿದ್ದರೂ ನಾಲಿಗೆಗೆ ಊಟ ಸಿಗದೆ ರೇಗಿದಾಗ ಇನ್ನೊಮ್ಮೆ. ಮೊದಲ ದಿನವೇ ಗಟ್ಟಿ ಮ್ಯಾಟು ಸಿಕ್ಕ ನಾಯಿ ಈ ಎರಡನೆಯ ಪಾಠ ಕಲಿಯುತ್ತದೆ, ಕಲಿತದ್ದನ್ನು ಮರೆಸುವುದು ಕಷ್ಟ. ಮೊದಲ ಎರಡು ಮೂರು ದಿನ ಉಬ್ಬುಗಳ ತಲೆಯ ಮೇಲೆ ಮಾತ್ರ ತೆಳುವಾಗಿ ಸವರಿ. ಆಮೇಲೆ ಗುಳಿಗಿಳಿಸಿ. ವಾರ ಕಳೆದ ಮೇಲೆ ಒಂದು ಗಂಟೆ ಫ್ರೀಜರಿನಲ್ಲಿಟ್ಟು ಅರೆಗಟ್ಟಿ ಮಾಡಿ. ಪೂರ್ತಿ ಗಟ್ಟಿಯಾಗಲು ಮೂರು ಗಂಟೆ ಬೇಕು. ಸ್ಟೀಲ್ ತಟ್ಟೆಯ ಮೇಲಿಟ್ಟು ಮೇಲೊಂದು ತಟ್ಟೆ ಮುಚ್ಚಿದರೆ ಮೀನು ಮಾಂಸದ ವಾಸನೆ ಹಿಡಿಯುವುದಿಲ್ಲ. ಗಟ್ಟಿಯಾದದ್ದನ್ನು ಐದು ನಿಮಿಷ ಹೊರಗಿಟ್ಟು ಕೊಡಿ. ಹಸಿಯಾಗಿ ಐದರಿಂದ ಹತ್ತು ನಿಮಿಷಕ್ಕೆ ಮುಗಿಯುವ ಮ್ಯಾಟು ಹೀಗೆ ಹದಿನೈದರಿಂದ ಇಪ್ಪತ್ತೈದು ನಿಮಿಷ ಬರುತ್ತದೆ.

ಕೊಟ್ಟು ಹೊರಗೆ ಹೋಗುವ ವಸ್ತುವಲ್ಲ ಇದು. ನೆಕ್ಕುವ ಸದ್ದು ನಿಂತ ಕ್ಷಣ ನೀವು ಅಲ್ಲಿರಬೇಕು. ಆಗ ಮ್ಯಾಟನ್ನು ಕಿತ್ತುಕೊಳ್ಳಬೇಡಿ. ಇನ್ನೊಂದು ಕಡೆ ಎರಡು ಕಾಳು ಕಿಬಲ್ ಚೆಲ್ಲಿ, ನಾಯಿ ಅತ್ತ ತಿರುಗಿದಾಗ ಎತ್ತಿಕೊಳ್ಳಿ. ಕಿತ್ತುಕೊಂಡರೆ ಅದು ಮ್ಯಾಟನ್ನು ಕಾಯಲು ಕಲಿಯುತ್ತದೆ. ಎರಡು ನಾಯಿಗಳಿರುವ ಮನೆಯಲ್ಲಿ ಎರಡು ಮ್ಯಾಟು, ಎರಡು ಕೋಣೆ, ನಡುವೆ ಮುಚ್ಚಿದ ಬಾಗಿಲು. ಅನ್ಯೋನ್ಯವಾಗಿರುವ ನಾಯಿಗಳಾದರೂ ಸರಿಯೇ. ಪುಟ್ಟ ಮಕ್ಕಳು ಆ ಹೊತ್ತಿನಲ್ಲಿ ಹತ್ತಿರ ಹೋಗದಿರಲಿ.

ಮುದಿ ನಾಯಿಗೆ, ಕತ್ತು ಸೊಂಟ ನೋಯುವ ನಾಯಿಗೆ ಮ್ಯಾಟನ್ನು ಮಣೆಯ ಮೇಲಿಡಿ. ನುಣುಪು ಟೈಲ್ಸ್ ನೆಲವಾದರೆ ಮುಂಗಾಲು ಜಾರದಂತೆ ಅಡಿಗೆ ಕಾಲೊರಸು ಹಾಕಿ.

ಉಗುರು ಕತ್ತರಿಸಲು ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಮ್ಯಾಟಿನ ಬಳಿ, ಒಬ್ಬರು ಕಾಲಿನ ಬಳಿ. ಮೊದಲು ಬರೀ ಪಾದ ಮುಟ್ಟಿ ಬಿಡಿ, ಮರುದಿನ ಕತ್ತರಿಯ ಸದ್ದು ಮಾತ್ರ ಕೇಳಿಸಿ, ಮೂರನೆಯ ದಿನ ಒಂದು ಉಗುರು. ಮ್ಯಾಟಿನಲ್ಲಿ ಇನ್ನೂ ಊಟ ಉಳಿದಿರುವಾಗಲೇ ಕತ್ತರಿ ಕೆಳಗಿಡಿ. ಉಗುರಿಗೆ, ಸ್ನಾನಕ್ಕೆ ಮಾತ್ರ ಮ್ಯಾಟು ಹೊರತೆಗೆದರೆ ನಾಯಿ ಬೇಗ ಲೆಕ್ಕ ಹಾಕುತ್ತದೆ, ಮ್ಯಾಟು ಕಂಡೊಡನೆ ಮಂಚದಡಿ ಸೇರುತ್ತದೆ. ಒಂದು ಸಲ ಉಗುರಿಗೆ ಬಳಸಿದರೆ ನಾಲ್ಕೈದು ಸಲ ಸುಮ್ಮನೆ ಕೊಡಬೇಕು.

ದೀಪಾವಳಿಗೆಂದೇ ಮ್ಯಾಟು ಕೊಳ್ಳುವವರಿಗೆ ಒಂದು ಕಿವಿಮಾತು. ಹಬ್ಬಕ್ಕೆ ಮೂರು ವಾರ ಮುಂಚೆಯೇ ರೂಢಿ ಮಾಡಿಸಿ. ಆ ದಿನ ಮಧ್ಯಾಹ್ನವೇ ಎರಡು ಮೂರು ಮ್ಯಾಟು ಫ್ರೀಜರಿಗೆ ಸೇರಲಿ, ಕತ್ತಲಾಗುವ ಮುಂಚೆ ನಾಯಿಯನ್ನು ಹೊರಗೆ ಕರೆದೊಯ್ದು ತನ್ನಿ, ಪಟಾಕಿಯ ಮೊದಲ ಸದ್ದಿಗೆ ಮುಂಚೆಯೇ ಒಳಕೋಣೆಯಲ್ಲಿ ಫ್ಯಾನ್ ಸದ್ದಿನ ನಡುವೆ ಮ್ಯಾಟು ಕೊಡಿ. ನಡುಗುತ್ತ, ಏದುಸಿರು ಬಿಡುತ್ತ ಇರುವ ನಾಯಿ ಎಂಥ ರುಚಿಯನ್ನೂ ಮೂಸುವುದಿಲ್ಲ. ಅದರ ಬಾಯಿಗೆ ಮ್ಯಾಟು ಒತ್ತಬೇಡಿ. ಅಷ್ಟು ಹೆದರುವ ನಾಯಿಗೆ ಔಷಧಿಯ ಸಹಾಯ ಬೇಕು, ಅದನ್ನು ಹಬ್ಬಕ್ಕೆ ಮುಂಚೆಯೇ ವೈದ್ಯರೊಡನೆ ಮಾತಾಡಿಟ್ಟುಕೊಳ್ಳಬೇಕು.

ತೊಳೆಯುವುದು, ಎಸೆಯುವುದು

ಸಿಂಕಿನಲ್ಲಿ ನಲ್ಲಿ ಬಿಟ್ಟು ಕೈಯಲ್ಲಿ ಉಜ್ಜಿದರೆ ಮ್ಯಾಟು ಸ್ವಚ್ಛವಾದಂತೆ ಕಾಣುತ್ತದೆ, ಆಗಿರುವುದಿಲ್ಲ. ಗುಳಿಯ ಮೂಲೆಗೆ ಬೆರಳಾಡಿಸಿ. ಲೋಳೆಲೋಳೆಯಾಗಿ ಜಾರಿದರೆ ಜೊಲ್ಲು ಮತ್ತು ಊಟದ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಪದರ ಇನ್ನೂ ಇದೆ ಎಂದೇ ಅರ್ಥ. ನಾಯಿ ಬಿಟ್ಟೊಡನೆ, ಒಣಗುವ ಮುಂಚೆ, ಪಾತ್ರೆ ಸೋಪು ಹಾಕಿದ ಬಿಸಿನೀರಲ್ಲಿ 15 ನಿಮಿಷ ಮುಳುಗಿಸಿಡಿ. ಆಮೇಲೆ ಹಳೇ ಟೂತ್‌ಬ್ರಷ್ಷಿನಿಂದ ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಉಜ್ಜಿ. ಸ್ಟೀಲ್ ನಾರು, ತೆಂಗಿನ ನಾರು ಬೇಡ. ಅವು ಮಾಡಿದ ಕಣ್ಣಿಗೆ ಕಾಣದ ಗೀರುಗಳಲ್ಲೇ ಮುಂದೆ ಕೊಳೆ ಕೂರುತ್ತದೆ. ಫಿನಾಯಿಲ್, ಡೆಟಾಲನ್ನು ನಾಯಿ ನೆಕ್ಕುವ ವಸ್ತುವಿನ ಹತ್ತಿರವೂ ತರಬೇಡಿ. ಸಿಲಿಕೋನ್ ಎಣ್ಣೆಯ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಹೋಗುತ್ತದೆ. ಆ ಸೋಡಾ ಪೂರ್ತಿ ಹೋಗುವವರೆಗೆ ನೀರು ಬಿಡಿ.

ಒಣಗಿಸುವುದು ನೆರಳಿನಲ್ಲಿ, ನಿಲ್ಲಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮಲಗಿಸಿಟ್ಟ ಮ್ಯಾಟಿನ ಗುಳಿಗಳಲ್ಲಿ ನೀರು ನಿಂತು ಎರಡು ದಿನಕ್ಕೆ ಬೂಷ್ಟು ಬರುತ್ತದೆ. ಪಾತ್ರೆ ಸ್ಟ್ಯಾಂಡಿಗೆ ಓರೆಯಾಗಿ ಸಿಕ್ಕಿಸಿ ಫ್ಯಾನಿನ ಕೆಳಗಿಡಿ. ಪೂರ್ತಿ ಒಣಗಲು ಒಂದು ರಾತ್ರಿ ಹಿಡಿಯುವುದರಿಂದ, ದಿನಾ ಕೊಡುವವರು ಒಂದು ದುಬಾರಿ ಮ್ಯಾಟಿನ ಬದಲು ಸಾಧಾರಣದ್ದೇ ಎರಡು ತಂದಿಟ್ಟುಕೊಳ್ಳುವುದು ಮೇಲು.

ಇರುವೆಯ ಕಾಟವಿರುವ ಮನೆಯಲ್ಲಿ ಅಗಲದ ಪರಾತಕ್ಕೆ ಒಂದು ಬೆರಳು ನೀರು ಹೊಯ್ದು, ನಡುವೆ ಬೋರಲು ಹಾಕಿದ ಬಟ್ಟಲಿನ ಮೇಲೆ ಗಟ್ಟಿ ತಳದ ಮ್ಯಾಟಿಡಿ. ಲಿಕಿಮ್ಯಾಟಿನ ‘ಔಟ್‌ಡೋರ್‌ಕೀಪರ್’ ಮಾಡುವುದೂ ಇದನ್ನೇ, ಸುತ್ತ ನೀರಿನ ಕಾಲುವೆ ಇಟ್ಟು. ನಾಯಿಯ ಬಾಯಿಗೆ ಕಟ್ಟಿರುವೆ ಸಿಕ್ಕಿ ತುಟಿ ಊದಿಕೊಂಡರೆ ಆಮೇಲೆ ಅದು ಮ್ಯಾಟಿನ ಹತ್ತಿರ ಬರಲು ಬಹಳ ದಿನ ಬೇಕಾಗುತ್ತದೆ.

ಪ್ರತಿ ಸಲ ತೊಳೆದಾಗಲೂ ಬೆಳಕಿಗೆ ಹಿಡಿದು, ನಾಲ್ಕು ಮೂಲೆಗಳನ್ನೂ ಎಳೆದು ನೋಡಿ. ಒಂದು ಉಬ್ಬು ಕಾಣೆಯಾಗಿದ್ದರೂ, ಅಂಚಿನಲ್ಲಿ ಉಗುರು ತೂರುವಷ್ಟು ಸೀಳಿದ್ದರೂ ಆ ಮ್ಯಾಟು ಅಂದೇ ಕಸದ ಬುಟ್ಟಿಗೆ. ಕಾಣೆಯಾದ ತುಂಡು ಎಲ್ಲಿ ಎಂದು ನೆಲದ ಮೇಲೆ, ಹಾಸಿಗೆಯಲ್ಲಿ ಹುಡುಕಿ. ಸಿಗದಿದ್ದರೆ ನಾಯಿಯ ಹೊಟ್ಟೆಯಲ್ಲಿದೆ ಎಂದೇ ತಿಳಿಯಿರಿ. ನೀವಾಗಿ ವಾಂತಿ ಮಾಡಿಸಲು ಹೋಗದೆ, ಮ್ಯಾಟನ್ನು ಜೊತೆಗೇ ಹಿಡಿದು ಅದೇ ದಿನ ವೈದ್ಯರಿಗೆ ತೋರಿಸಿ. ಎಷ್ಟು ದೊಡ್ಡ ತುಂಡು ಹೋಗಿದೆಯೆಂದು ಅವರಿಗೆ ಅದರಿಂದಲೇ ತಿಳಿಯುವುದು, ಎಕ್ಸ್-ರೇಯಲ್ಲಿ ರಬ್ಬರ್ ಎಷ್ಟೋ ಸಲ ಸ್ಪಷ್ಟವಾಗಿ ಕಾಣುವುದಿಲ್ಲ. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಮಲಕ್ಕೆ ತಿಣುಕುವುದು, ಬೆನ್ನು ಬಾಗಿಸಿ ಮೂಲೆಯಲ್ಲಿ ನಿಲ್ಲುವುದು ಕಂಡರೆ ಮಧ್ಯರಾತ್ರಿಯಾದರೂ ಬೆಳಗಾಗುವವರೆಗೆ ಕಾಯಬೇಡಿ.